ಪಿಸ್ಟನ್ನೋ ರೋಟರಿಯೋ? ಟ್ಯೂಬಾ ಕೊಳ್ಳುವ ಮುನ್ನ ಒಂದಿಷ್ಟು ಇತಿಹಾಸ

ಮದುವೆ ದಿಬ್ಬಣದ ಬ್ಯಾಂಡ್ ಸೆಟ್ಟಿನಲ್ಲಿ ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ದೊಡ್ಡ ಹಿತ್ತಾಳೆ ವಾದ್ಯ ಹೊತ್ತು 'ಪೋಂ... ಪೋಂ...' ಅಂತ ಊದುತ್ತಾ ನಡೆಯುವವರನ್ನು ನೀವು ನೋಡಿರಬಹುದು. ಹಾಡಿನ ಧಾಟಿ ಅವರ ಪಾಲಿಗೆ ಬರುವುದಿಲ್ಲ. ಯಾರೂ ಅವರ ಕಡೆ ನೋಡುವುದೂ ಇಲ್ಲ. ಆದರೆ ಅವರು ಊದುವುದು ನಿಲ್ಲಿಸಿದರೆ ಮಾತ್ರ ತಂಬೂರಿ ನಿಂತುಹೋದ ಕಛೇರಿಯ ಹಾಗೆ ಎಲ್ಲವೂ ಬೋಳುಬೋಳು!

ಆ ವಾದ್ಯಗಳ ಮನೆತನದ ಹಿರಿಯಣ್ಣನ ಹೆಸರು ಟ್ಯೂಬಾ. ಕೆಲಸದ ಮೇಲೆ ಬವೇರಿಯಾದ ಒಂದು ಚಿಕ್ಕ ಊರಿಗೆ ಬಂದ ನಾನು, ಚಳಿಗಾಲದ ಸಂಜೆಗಳನ್ನು ಕಳೆಯಲು ದಾರಿ ಕಾಣದೆ ಊರಿನ ಬ್ಯಾಂಡ್ ಸೇರಿಕೊಂಡೆ. ಟ್ಯೂಬಾ ಊದುವವರು ಕಡಿಮೆ ಇದ್ದರು, ನನ್ನ ಕೈಗೆ ಅದೇ ಬಂತು. ಎರಡು ವರ್ಷ ಸಂಘದ ವಾದ್ಯ ಊದಿದ್ದಾಯಿತು. ಈಗ ಸ್ವಂತದ್ದೊಂದು ಬೇಕು ಅಂತ ಹಟ. ಹೊಸದರ ಬೆಲೆ ಕೇಳಿದರೆ ವಾದ್ಯದ ಬದಲು ಕಾರೇ ತಗೋಬಹುದಲ್ಲ ಅನ್ನಿಸುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್. ಕೊನೆಗೆ ಎರಡು ಉಳಿದವು. ಒಂದು ಇಲ್ಲಿಯದೇ, ರೋಟರಿ ವಾಲ್ವಿನದು. ಇನ್ನೊಂದು ಇಂಗ್ಲೆಂಡಿನದು, ಪಿಸ್ಟನ್ ವಾಲ್ವಿನದು.

ಬ್ಯಾಂಡಿನಲ್ಲಿ ನನ್ನ ಪಕ್ಕ ಕೂರುವ ಹಿರಿಯರನ್ನು ಕೇಳಿದೆ. "ರೋಟರಿ. ಇದರಲ್ಲಿ ಕೇಳೋದೇನಿದೆ?" ಅಂದರು. ಆಫೀಸಿನಲ್ಲಿ ಒಬ್ಬ ಇಂಗ್ಲಿಷರಿದ್ದಾರೆ, ಚಿಕ್ಕಂದಿನಿಂದ ಬ್ರಾಸ್ ಬ್ಯಾಂಡಿನಲ್ಲಿ ಬೆಳೆದವರು. ಅವರನ್ನೂ ಕೇಳಿದೆ. "ಪಿಸ್ಟನ್. ಇದರಲ್ಲಿ ಕೇಳೋದೇನಿದೆ?" ಅಂದರು!

ಇಬ್ಬರೂ ದಶಕಗಟ್ಟಲೆ ಊದಿದವರು. ನಾನೋ ಇಂಜಿನಿಯರಿಂಗ್ ಓದಿದವನು, ಎರಡು ಕಾಲಮ್ ಹಾಕಿ ಹೋಲಿಸಿದರೆ ಉತ್ತರ ಸಿಕ್ಕೀತು ಅಂತ ಕೂತೆ. ಮೂರು ವಾರಾಂತ್ಯ ಕಳೆದ ಮೇಲೆ ನನ್ನ ಪಟ್ಟಿಯಲ್ಲಿ ಉಳಿದದ್ದು ತಾಂತ್ರಿಕ ವಿವರಗಳಿಗಿಂತ ಹೆಚ್ಚಾಗಿ ಊರುಗಳು, ಇಸವಿಗಳು, ಸೈನ್ಯಗಳು, ಪೇಟೆಂಟ್ ಜಗಳಗಳು. ಆ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ಮೊದಲಿಗೆ, ವಾಲ್ವ್ ಯಾಕೆ ಬೇಕು?

ನಮ್ಮ ಕಹಳೆ, ಕೊಂಬುಗಳನ್ನು ನೆನೆಸಿಕೊಳ್ಳಿ. ಕೊಳವೆಯ ಉದ್ದ ಬದಲಾಗುವುದಿಲ್ಲ, ಹಾಗಾಗಿ ಬೇಕಾದ ಸ್ವರವೆಲ್ಲ ಅದರಲ್ಲಿ ಬರುವುದಿಲ್ಲ. ತುಟಿ ಬಿಗಿ ಮಾಡುತ್ತಾ ಹೋದರೆ ಕೆಳಗಿನ ಷಡ್ಜ, ಅದರ ಮೇಲಿನ ಷಡ್ಜ, ಆಮೇಲೆ ಪಂಚಮ, ಮತ್ತೆ ಷಡ್ಜ, ಗಾಂಧಾರ, ಪಂಚಮ... ಹೀಗೆ ಹಾರಿ ಹಾರಿ ಹೋಗುತ್ತದೆ. ಮೇಲೆ ಹೋದಷ್ಟೂ ಸ್ವರಗಳು ಹತ್ತಿರ ಹತ್ತಿರ, ಕೆಳಗೆ ಬಂದಷ್ಟೂ ನಡುವೆ ದೊಡ್ಡ ದೊಡ್ಡ ಕಂದಕ. ತುತ್ತೂರಿ ಮೇಲ್ಗಡೆ ಓಡಾಡಿ ಹೇಗೋ ಬಚಾವಾಗುತ್ತದೆ. ಕೆಳಗೇ ಇರಬೇಕಾದ ವಾದ್ಯ ಏನು ಮಾಡಬೇಕು?

ಒಂದು ಉಪಾಯ, ಕೊಳಲಿನ ಹಾಗೆ ತೂತು ಕೊರೆಯುವುದು. ಫ್ರಾನ್ಸಿನ ಚರ್ಚುಗಳಲ್ಲಿ ಬಳಕೆಗೆ ಬಂದ 'ಸರ್ಪೆಂಟ್' ಹಾಗಿತ್ತು. ಹೆಸರಿಗೆ ತಕ್ಕಂತೆ ಹಾವಿನ ಹಾಗೆ ಸುತ್ತಿಕೊಂಡ ಮರದ ಕೊಳವೆ, ಮೇಲೆ ಚರ್ಮದ ಹೊದಿಕೆ, ಬೆರಳಿಗೆ ಆರು ತೂತು. 1817ರಲ್ಲಿ ಪ್ಯಾರಿಸ್ಸಿನ ಅಲಾರಿ ಎಂಬ ಕುಶಲಕರ್ಮಿ ಹಿತ್ತಾಳೆಯಲ್ಲಿ, ಕೀಲಿಗಳಿದ್ದ 'ಆಫಿಕ್ಲೈಡ್' ಮಾಡಿದ. 1830ರ ಬರ್ಲಿಯೋಜ್‌ನ 'ಸಿಂಫೊನಿ ಫಂಟಾಸ್ಟಿಕ್'ನಲ್ಲಿ ಇವೆರಡೂ ಇದ್ದವು. ಆದರೆ ತೂತಿನ ವಾದ್ಯಗಳಿಗೆ ಒಂದು ತೊಂದರೆ. ಒಂದು ಸ್ವರಕ್ಕೆ ಗಾಳಿ ನಡುವಿನಲ್ಲೇ ಹೊರಗೆ ಬರುತ್ತದೆ, ಇನ್ನೊಂದಕ್ಕೆ ಕೊನೆಯ ಬಾಯಿಯವರೆಗೂ ಹೋಗುತ್ತದೆ. ಅಲ್ಲಿಗೆ ಒಂದೊಂದು ಸ್ವರದ ದನಿ ಒಂದೊಂದು ಥರ.

ಇನ್ನೊಂದು ಉಪಾಯ, ಕೊಳವೆಯ ಉದ್ದವನ್ನೇ ಬದಲಿಸುವುದು. ಹಾರ್ನ್ ನುಡಿಸುವವರು ಬೇರೆ ಬೇರೆ ಉದ್ದದ ಸುರುಳಿಗಳನ್ನು ಜೊತೆಗಿಟ್ಟುಕೊಂಡು, ಶ್ರುತಿ ಬದಲಾದಾಗಲೆಲ್ಲ ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸುತ್ತಿದ್ದರು. ಒಂದು ಕ್ಷಣದಲ್ಲಿ ಆಗುವ ಕೆಲಸವಲ್ಲ. ಅದನ್ನು ಬೆರಳಿನ ಒಂದು ಒತ್ತಿಗೆ ಇಳಿಸಿದ್ದೇ ವಾಲ್ವ್. ರೈಲು ನಿಲ್ದಾಣದ ಲೂಪ್ ಲೈನ್ ಇದೆಯಲ್ಲ, ಹಾಗೆ. ಒತ್ತದಿದ್ದರೆ ಗಾಳಿ ಮೇನ್ ಲೈನಿನಲ್ಲಿ ನೇರ ಹೋಗುತ್ತದೆ. ಒತ್ತಿದರೆ ಪಾಯಿಂಟ್ಸ್ ಬದಲಾಗಿ ಪಕ್ಕದ ಲೂಪ್ ಸುತ್ತಿಕೊಂಡು ಬರುತ್ತದೆ. ದಾರಿ ಉದ್ದವಾಯಿತು, ಸ್ವರ ಇಳಿಯಿತು.

ಪಾಯಿಂಟ್ಸ್ ಬದಲಿಸಲು ಎರಡು ದಾರಿ. ಸೈಕಲ್ ಪಂಪಿನ ಹಾಗೆ ಮೇಲೆ-ಕೆಳಗೆ ಜಾರುವ ಕೊಂತ ಇಟ್ಟರೆ ಅದು ಪಿಸ್ಟನ್. ಗ್ಯಾಸ್ ಒಲೆಯ ಗುಬ್ಬಿಯ ಹಾಗೆ ನಿಂತಲ್ಲೇ ಕಾಲು ಸುತ್ತು ತಿರುಗುವ ಗುಂಡು ಇಟ್ಟರೆ ಅದು ರೋಟರಿ. ಇಷ್ಟೇ ವ್ಯತ್ಯಾಸ. ಇಷ್ಟಕ್ಕೇ ಇನ್ನೂರು ವರ್ಷದ ವಾದ!

ಇಬ್ಬರು ಜನ, ಒಂದು ಪೇಟೆಂಟ್

ಸೈಲೀಷಿಯಾ ಎಂಬ ಪ್ರಾಂತ್ಯ ಆಗ ಪ್ರಷ್ಯಾದ ಕೈಯಲ್ಲಿತ್ತು, ಇವತ್ತು ಅದರ ಬಹುಭಾಗ ಪೋಲೆಂಡಿನಲ್ಲಿದೆ. ಅಲ್ಲಿ ಹೈನ್ರಿಷ್ ಸ್ಟೋಲ್ಜೆಲ್ ಎಂಬ ಹಾರ್ನ್ ವಾದಕನಿದ್ದ. ಫ್ರೆಡ್ರಿಕ್ ಬ್ಲೂಮೆಲ್ ಎಂಬ ಇನ್ನೊಬ್ಬ ಗಣಿ ಕಾರ್ಮಿಕರ ಬ್ಯಾಂಡಿನಲ್ಲಿ ಊದುತ್ತಿದ್ದ. 1814ರ ಹೊತ್ತಿಗೆ ಸ್ಟೋಲ್ಜೆಲ್ ತನ್ನ ವಾಲ್ವಿನ ಬಗ್ಗೆ ಪ್ರಷ್ಯಾದ ರಾಜನಿಗೆ ಪತ್ರ ಬರೆದಿದ್ದ. ಬ್ಲೂಮೆಲ್ ಕಲ್ಪನೆ ತನ್ನದು ಅಂದ. ಕೊನೆಗೆ 1818ರಲ್ಲಿ ಇಬ್ಬರ ಹೆಸರಿನಲ್ಲೂ ಸೇರಿಸಿ ಹತ್ತು ವರ್ಷದ ಪೇಟೆಂಟ್ ಕೊಟ್ಟರು. ಯಾರು ಮೊದಲು ಎನ್ನುವುದು ಇವತ್ತಿಗೂ ಪೂರ್ತಿ ಇತ್ಯರ್ಥವಾಗಿಲ್ಲ.

ಆ ಹತ್ತು ವರ್ಷ ಮುಗಿದಾಗ, ಅಂದರೆ 1828ರಲ್ಲಿ, ಬ್ಲೂಮೆಲ್ ಈ ಸಲ ತಿರುಗುವ ವಾಲ್ವಿಗೆ ಪೇಟೆಂಟ್ ಕೇಳಿದ. ಸಿಗಲಿಲ್ಲ. ನೋಡಿ, ಜಾರುವುದು ಮತ್ತು ತಿರುಗುವುದು ಎರಡೂ ಹುಟ್ಟಿದ್ದು ಹೆಚ್ಚುಕಡಿಮೆ ಒಂದೇ ಮನೆಯಲ್ಲಿ. ಆಮೇಲೆ ಬೇರೆ ಬೇರೆ ಊರು ಸೇರಿ ದಾಯಾದಿಗಳಾದವು.

ಬರ್ಲಿನ್, ವಿಯೆನ್ನಾ, ಪ್ಯಾರಿಸ್

1835ರ ಸೆಪ್ಟೆಂಬರ್ 12ರಂದು ಬರ್ಲಿನ್ನಿನಲ್ಲಿ ಮಿಲಿಟರಿ ಸಂಗೀತದ ವಿಲ್ಹೆಲ್ಮ್ ವೀಪ್ರೆಷ್ಟ್ ಮತ್ತು ವಾದ್ಯ ತಯಾರಕ ಯೋಹಾನ್ ಗಾಟ್‌ಫ್ರೀಡ್ ಮೋರಿಟ್ಜ್ 'ಬಾಸ್ ಟ್ಯೂಬಾ'ಗೆ ಪೇಟೆಂಟ್ ಪಡೆದರು. ಸುಮಾರು 12 ಅಡಿ ಕೊಳವೆ, ಐದು ವಾಲ್ವ್. ಟ್ಯೂಬಾದ ಜನ್ಮದಿನ ಅಂತ ಎಲ್ಲರೂ ಒಪ್ಪುವುದು ಇದನ್ನೇ. ಆ ಐದೂ ವಾಲ್ವುಗಳು 'ಬರ್ಲಿನ್ ಪಂಪ್' ಎಂಬ ಗಿಡ್ಡ, ದಪ್ಪ ಪಿಸ್ಟನ್‌ಗಳು! ಇವತ್ತು ರೋಟರಿ ಬಿಟ್ಟು ಬೇರೆ ಮಾತಾಡದ ಜರ್ಮನಿಯ ಮೊದಲ ಟ್ಯೂಬಾದಲ್ಲಿ ಒಂದೂ ರೋಟರಿ ಇರಲಿಲ್ಲ.

ಅದೇ 1835ರಲ್ಲಿ, ವಿಯೆನ್ನಾದಲ್ಲಿ ಯೋಸೆಫ್ ರೀಡ್ಲ್ ತಿರುಗುವ ವಾಲ್ವಿಗೆ ಹಕ್ಕು ಪಡೆದ. ಮೂರು ವರ್ಷ ಬಿಟ್ಟು 1838ರಲ್ಲಿ, ಪ್ಯಾರಿಸ್ಸಿನಲ್ಲಿ ಫ್ರಾಂಸ್ವಾ ಪೆರಿನೆ ಸುಧಾರಿಸಿದ ಪಿಸ್ಟನ್ನಿಗೆ ಪೇಟೆಂಟ್ ಪಡೆದ. ಇವತ್ತಿನ ಪಿಸ್ಟನ್ ಟ್ಯೂಬಾಗಳಲ್ಲಿ, ಟ್ರಂಪೆಟ್‌ಗಳಲ್ಲಿ ಇರುವುದು ಮೂಲತಃ ಪೆರಿನೆಯದೇ. ಇವತ್ತಿನ ರೋಟರಿಯೂ ರೀಡ್ಲ್‌ನ ವಾಲ್ವಿನ ವಂಶವೇ. ಬರ್ಲಿನ್ ಪಂಪ್ ಮಾತ್ರ ನಿಧಾನವಾಗಿ ಮರೆಗೆ ಸರಿಯಿತು. ಟ್ಯೂಬಾಗೆ ಜನ್ಮ ಕೊಟ್ಟ ವಾಲ್ವೇ ಟ್ಯೂಬಾದಲ್ಲಿ ಉಳಿಯಲಿಲ್ಲ.

ಇಲ್ಲಿಂದ ಮುಂದಿನ ಕಥೆ ವಾದಕರಿಗಿಂತ ಸೈನ್ಯಗಳದ್ದು. ಆ ಕಾಲಕ್ಕೆ ಹಿತ್ತಾಳೆ ವಾದ್ಯಗಳ ದೊಡ್ಡ ಗಿರಾಕಿ ಅಂದರೆ ಸೈನ್ಯ. ಬೊಹೆಮಿಯಾದ ಹ್ರಾದೆಕ್ ಕ್ರಾಲೋವೆಯಲ್ಲಿ 1842ರಲ್ಲಿ ಅಂಗಡಿ ತೆರೆದ ವಾಕ್ಲಾವ್ ಚೆರ್ವೆನಿ ರೋಟರಿ ಇಟ್ಟು ಟ್ಯೂಬಾವನ್ನು ಇನ್ನೂ ದೊಡ್ಡದು ಮಾಡಿದ. ಆಸ್ಟ್ರಿಯಾ, ಜರ್ಮನಿ, ರಷ್ಯಾಗಳ ಕಡೆ ರೋಟರಿ ಬೇರೂರಿತು.

ಪ್ಯಾರಿಸ್ಸಿನಲ್ಲಿ ಅಡಾಲ್ಫ್ ಸ್ಯಾಕ್ಸ್ (ಹೌದು, ಸ್ಯಾಕ್ಸೊಫೋನಿನ ಅದೇ ಪುಣ್ಯಾತ್ಮ) ಪಿಸ್ಟನ್ ಹಾಕಿದ 'ಸ್ಯಾಕ್ಸ್‌ಹಾರ್ನ್' ಕುಟುಂಬವನ್ನೇ ಮಾಡಿಟ್ಟಿದ್ದ. 1845ರ ಏಪ್ರಿಲ್‌ನಲ್ಲಿ ಷಾಂ ದ ಮಾರ್ಸ್ ಮೈದಾನದಲ್ಲಿ ಹಳೆಯ ಮಾದರಿಯ ಬ್ಯಾಂಡಿಗೂ ಸ್ಯಾಕ್ಸ್‌ನ ಬ್ಯಾಂಡಿಗೂ ಬಹಿರಂಗ ಪಂದ್ಯವೇ ನಡೆಯಿತು. ಗೆದ್ದದ್ದು ಸ್ಯಾಕ್ಸ್. ಫ್ರೆಂಚ್ ಸೈನ್ಯದ ಬ್ಯಾಂಡುಗಳು ಬದಲಾದವು. ಡಿಸ್ಟಿನ್ ಎಂಬ ಇಂಗ್ಲಿಷ್ ವಾದಕ ಕುಟುಂಬ ಆ ವಾದ್ಯಗಳನ್ನು ಚಾನಲ್ ದಾಟಿಸಿ ತನ್ನ ನಾಡಿನಲ್ಲಿ ಪ್ರಚಾರ ಮಾಡಿತು. ಇಂಗ್ಲೆಂಡಿನ ಗಣಿ, ಗಿರಣಿ ಊರುಗಳಲ್ಲಿ ಬೆಳೆದ ಬ್ರಾಸ್ ಬ್ಯಾಂಡುಗಳಿಗೆ ಪಿಸ್ಟನ್ನೇ ಗತಿಯಾಯಿತು. ಬ್ರಿಟಿಷ್ ಸೈನ್ಯದ ಬ್ಯಾಂಡುಗಳಿಗೂ ಅದೇ, ಅವರು ಹೋದ ವಸಾಹತುಗಳಿಗೂ ಅದೇ.

ನನ್ನ ಇಬ್ಬರು ಸಲಹೆಗಾರರು ಅಷ್ಟು ಖಚಿತವಾಗಿ ಹೇಳಿದ್ದು ಯಾಕೆ ಅಂತ ನನಗೆ ಹೊಳೆದದ್ದು ಇಲ್ಲಿಗೆ ಬಂದಾಗ. ಇಬ್ಬರೂ ಹೇಳುತ್ತಿದ್ದದ್ದು ತಮ್ಮ ತಮ್ಮ ಊರಿನ ರೂಢಿಯನ್ನು. ನಾವು ಇಡ್ಲಿಗೆ ಸಾಂಬಾರೋ ಚಟ್ನಿಯೋ ಅಂತ ಜಗಳ ಆಡಿದ ಹಾಗೆ.

ಚಕ್ರಬಡ್ಡಿಯ ಲೆಕ್ಕ

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ಆದರೆ ನಾನು ಹುಡುಕುತ್ತಿದ್ದ ಜಾಗದಲ್ಲಿ ಇರಲಿಲ್ಲ.

ಎರಡನೆಯ ವಾಲ್ವ್ ಒತ್ತಿದರೆ ಒಂದು ಸ್ವರಸ್ಥಾನ ಇಳಿಯುತ್ತದೆ, ಮೊದಲನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಮೂರನ್ನೂ ಸೇರಿಸಿ ಒತ್ತಿದರೆ ಆರು ಇಳಿಯಬೇಕು. ಇಳಿಯುವುದಿಲ್ಲ! ಯಾಕೆಂದರೆ ಇದು ಸರಳ ಬಡ್ಡಿಯಲ್ಲ, ಚಕ್ರಬಡ್ಡಿ. ಒಂದು ಸ್ವರಸ್ಥಾನ ಇಳಿಸಲು, ಆ ಹೊತ್ತಿಗೆ ಎಷ್ಟು ಉದ್ದ ಇದೆಯೋ ಅದರ ಶೇಕಡ 5.9ರಷ್ಟು ಕೊಳವೆ ಸೇರಬೇಕು. ಮೂರೂ ಲೂಪ್‌ಗಳನ್ನು ಮೂಲ ಉದ್ದಕ್ಕೆ ಲೆಕ್ಕ ಹಾಕಿ ಕತ್ತರಿಸಿರುತ್ತಾರೆ. 5.9, 12.2, 18.9 ಕೂಡಿದರೆ ಶೇಕಡ 37. ಬೇಕಾಗಿದ್ದು 41.4. ಸುಮಾರು 18 ಅಡಿಯ, ಅಂದರೆ ಐದೂವರೆ ಮೀಟರಿನ ದೊಡ್ಡ ಟ್ಯೂಬಾದಲ್ಲಿ ಇದು ಹತ್ತಿರ ಹತ್ತಿರ 24 ಸೆಂಟಿಮೀಟರ್ ಕೊರತೆ. ಸ್ವರ ಏರಿ ಕೂರುತ್ತದೆ, ಪಕ್ಕದವರು ತಿರುಗಿ ನೋಡುತ್ತಾರೆ (ಅನುಭವದ ಮಾತು).

ಇದಕ್ಕೆ ಪರಿಹಾರ ಎರಡು. ಒಂದು, ಐದು ಸ್ವರಸ್ಥಾನ ಇಳಿಸುವ ನಾಲ್ಕನೆಯ ವಾಲ್ವ್ ಸೇರಿಸುವುದು, ಅದೂ ಸಾಲದಿದ್ದರೆ ಐದನೆಯದು, ಆರನೆಯದು. ರೋಟರಿ ನಾಡುಗಳು ಹಿಡಿದದ್ದು ಈ ದಾರಿ. ಇನ್ನೊಂದು, ಲಂಡನ್ನಿನ ಬೂಸಿ ಕಂಪನಿಯಲ್ಲಿದ್ದ ಡೇವಿಡ್ ಬ್ಲೇಕ್ಲಿ 1874ರಲ್ಲಿ ಪೇಟೆಂಟ್ ಪಡೆದ 'ಕಾಂಪೆನ್ಸೇಟಿಂಗ್' ವ್ಯವಸ್ಥೆ. ಇವತ್ತಿನ ಇಂಗ್ಲಿಷ್ ಟ್ಯೂಬಾಗಳಲ್ಲಿ ನಾಲ್ಕನೆಯ ವಾಲ್ವ್ ಒತ್ತಿದಾಗ ಗಾಳಿ ತಿರುಗಿ ಬಂದು ಮೊದಲ ಮೂರು ವಾಲ್ವುಗಳನ್ನು ಇನ್ನೊಮ್ಮೆ ಹಾಯುತ್ತದೆ. ಆಗ ಒತ್ತಿದ ವಾಲ್ವುಗಳ ಹಿಂದಿನ ಪುಟ್ಟ ಲೂಪ್‌ಗಳು ಕೊರತೆಯನ್ನು ತುಂಬುತ್ತವೆ. ಚಕ್ರಬಡ್ಡಿಯನ್ನು ಹಿತ್ತಾಳೆಯಲ್ಲೇ ಕಟ್ಟಿದ್ದಾರೆ ಮಹಾನುಭಾವರು! ಆದರೆ ವಾದ್ಯ ಭಾರ ಆಗುತ್ತದೆ, ತಳದ ಸ್ವರಗಳಿಗೆ ಗಾಳಿ ಸುತ್ತಿ ಸುತ್ತಿ ಹೋಗಬೇಕಾದ್ದರಿಂದ ಊದುವಾಗ ಸ್ವಲ್ಪ ತಡೆ ಅನ್ನಿಸುತ್ತದೆ.

ಅಂದರೆ ಕೇಳಬೇಕಾದ ಪ್ರಶ್ನೆ 'ಜಾರುತ್ತದೋ ತಿರುಗುತ್ತದೋ' ಅಲ್ಲ. 'ಎಷ್ಟು ವಾಲ್ವ್, ಕೊರತೆಯನ್ನು ಹೇಗೆ ತುಂಬಿದ್ದಾರೆ' ಎಂಬುದು.

ಗಡಿ ದಾಟಿದವರು

ಅಮೆರಿಕದ ಕಥೆ ಇನ್ನೂ ಮಜವಾಗಿದೆ. 1861-65ರ ಅಂತರ್ಯುದ್ಧದ ಕಾಲದ ಬ್ಯಾಂಡುಗಳಲ್ಲಿ ದಾರ ಕಟ್ಟಿ ತಿರುಗಿಸುವ ರೋಟರಿಗಳು ತುಂಬಾ ಇದ್ದವು. ಶತಮಾನದ ಕೊನೆಗೆ ಅಲ್ಲಿ ಪಿಸ್ಟನ್ ಗೆದ್ದಿತ್ತು. 1930ರ ದಶಕದಲ್ಲಿ ಮಿಷಿಗನ್‌ನ ಗ್ರಾಂಡ್ ರಾಪಿಡ್ಸ್‌ನಲ್ಲಿ ಯಾರ್ಕ್ ಕಂಪನಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾಕ್ಕಾಗಿ ಒಂದು ಭಾರೀ ಟ್ಯೂಬಾ ಮಾಡಿತು. ಅದು ಆರ್ನಾಲ್ಡ್ ಜೇಕಬ್ಸ್ ಎಂಬ ವಿದ್ಯಾರ್ಥಿಯ ಕೈಸೇರಿತು. ಅವರು 1944ರಿಂದ 1988ರವರೆಗೆ ಷಿಕಾಗೊ ಸಿಂಫನಿಯಲ್ಲಿ ನುಡಿಸಿದರು, ಟ್ಯೂಬಾ ಲೋಕಕ್ಕೇ ಗುರುಗಳಾದರು. ಆ ವಾದ್ಯವನ್ನು ಮಾದರಿಯಾಗಿಟ್ಟುಕೊಂಡು ಎಷ್ಟೋ ಕಂಪನಿಗಳು ಟ್ಯೂಬಾ ಮಾಡಿವೆ. ಅದರಲ್ಲಿ ಇರುವುದು ನಾಲ್ಕು ಪಿಸ್ಟನ್, ಮೇಲೊಂದು ರೋಟರಿ! ಜಗತ್ತಿನ ಅತ್ಯಂತ ಹೆಸರಾದ ಟ್ಯೂಬಾ ಎರಡೂ ಪಕ್ಷಕ್ಕೆ ಸೇರಿದ್ದು.

ಇನ್ನೊಂದು ಕಥೆ ಅಷ್ಟು ಹಗುರವಾದದ್ದಲ್ಲ. ಬೊಹೆಮಿಯಾದ ಗ್ರಾಸ್ಲಿಟ್ಜ್ (ಈಗ ಕ್ರಾಸ್ಲಿಟ್ಸೆ) ವಾದ್ಯ ತಯಾರಕರ ಊರು, ಹೆಚ್ಚಿನವರು ಜರ್ಮನ್ ಭಾಷಿಕರು. ಎರಡನೆಯ ಮಹಾಯುದ್ಧದ ನಂತರ ಚೆಕೊಸ್ಲೊವಾಕಿಯಾದಿಂದ ಅವರನ್ನು ಹೊರಹಾಕಲಾಯಿತು. ಅವರಲ್ಲಿ ಕೆಲವರು 1946ರಲ್ಲಿ ಬವೇರಿಯಾದಲ್ಲಿ ಸಹಕಾರಿ ಸಂಘವೊಂದನ್ನು ಕಟ್ಟಿಕೊಂಡು ಮತ್ತೆ ವಾದ್ಯ ಮಾಡಲು ಶುರುಮಾಡಿದರು. ಅದೇ ಇವತ್ತಿನ ಮಿರಾಫೋನ್, ವಾಲ್ಡ್‌ಕ್ರೈಬುರ್ಗ್ ಊರಿನದು. ಅವರ 186 ಎಂಬ ರೋಟರಿ ಟ್ಯೂಬಾ ಪಿಸ್ಟನ್ ನಾಡಾದ ಅಮೆರಿಕದ ಶಾಲಾ ಕಾಲೇಜುಗಳಲ್ಲೂ ಹೆಸರು ಮಾಡಿತು. ಮನೆಮಠ ಬಿಟ್ಟು ಬಂದವರು ಗಂಟುಮೂಟೆಯಲ್ಲಿ ತರಲಾರದ್ದನ್ನು ಕೈಯಲ್ಲಿ ತಂದಿದ್ದರು. ನಮ್ಮ ಬ್ಯಾಂಡಿನ ಕೋಣೆಯಲ್ಲಿ ನಾನು ಎರಡು ವರ್ಷ ಊದಿದ ಹಳೆಯ ವಾದ್ಯದ ಮೇಲೆ ಇದ್ದದ್ದು ಅದೇ ಊರಿನ ಮುದ್ರೆ. ಇದನ್ನು ಓದಿದ ಮೇಲೆ ಅದನ್ನು ಒರೆಸಿಡುವಾಗ ಕೈ ಸ್ವಲ್ಪ ನಿಧಾನವಾಗುತ್ತದೆ.

ದನಿಯ ಮಾತು

"ರೋಟರಿ ದನಿ ಗಾಢ, ಪಿಸ್ಟನ್ ದನಿ ತೆರೆದದ್ದು" ಅಂತ ಹೇಳುವವರಿದ್ದಾರೆ. ಆದರೆ ಜರ್ಮನ್ ಟ್ಯೂಬಾ ಮತ್ತು ಇಂಗ್ಲಿಷ್ ಟ್ಯೂಬಾಗಳ ನಡುವೆ ಕೊಳವೆ ಅಗಲವಾಗುವ ರೀತಿ, ಬಾಯಿಯ ಅಳತೆ, ಒಟ್ಟು ಉದ್ದ ಎಲ್ಲವೂ ಬೇರೆ. ಹತ್ತು ಸಂಗತಿ ಒಟ್ಟಿಗೆ ಬದಲಿಸಿ ವಾಲ್ವ್ ಒಂದಕ್ಕೇ ಕೀರ್ತಿ ಕೊಡುವುದು ನಮ್ಮ ಕೆಲಸದಲ್ಲಿ ನಡೆಯುವುದಿಲ್ಲ, ಇಲ್ಲೂ ನಡೆಯಬಾರದು.

ಬೆರಳಿಗೆ ಮಾತ್ರ ವ್ಯತ್ಯಾಸ ನಿಜ. ರೋಟರಿಯ ನಡೆ ಗಿಡ್ಡ, ತಟ್ಟನೆ ತಿರುಗುತ್ತದೆ. ಪಿಸ್ಟನ್ನನ್ನು ಪೂರ್ತಿ ಕೆಳಗೆ ಒತ್ತಬೇಕು. ಸ್ವರದಿಂದ ಸ್ವರಕ್ಕೆ ಜಾರುವಾಗಲೂ ಎರಡರ ಅನುಭವ ಬೇರೆ. ರೋಟರಿಯ ತವರಾದ ವಿಯೆನ್ನಾದಲ್ಲೇ, ಅಲ್ಲಿನ ಫಿಲ್ಹಾರ್ಮೊನಿಕ್‌ನ ಹಾರ್ನ್ ವಾದಕರು ಇವತ್ತಿಗೂ ರೋಟರಿಗಿಂತ ಹಳೆಯದಾದ ಜೋಡಿ ಪಿಸ್ಟನ್ ವಾಲ್ವನ್ನೇ ಇಟ್ಟುಕೊಂಡಿದ್ದಾರೆ, ಸ್ವರಗಳು ಅದರಲ್ಲಿ ನಯವಾಗಿ ಕೂಡುತ್ತವೆ ಅಂತ. ಟ್ಯೂಬಾ ಮಾತ್ರ ರೋಟರಿ. ಒಂದೇ ವೇದಿಕೆ, ಎರಡೂ ಪಂಥ.

ಕೊನೆಗೆ ಕೊಂಡದ್ದು

ಹಳೆಯ ವಾದ್ಯ ನೋಡುವಾಗ ಕಲಿತದ್ದಿಷ್ಟು. ವಾಲ್ವ್ ಒತ್ತದೆ ಅದರ ಲೂಪಿನ ಸ್ಲೈಡ್ ಎಳೆಯಿರಿ, ಹೊರಬರುವಾಗ 'ಪಟ್' ಅಂದರೆ ವಾಲ್ವ್ ಗಾಳಿ ಹಿಡಿಯುತ್ತಿದೆ. ಸುಮ್ಮನೆ ಬಂದರೆ ಸವೆದಿದೆ. ಪಿಸ್ಟನ್ ಆದರೆ ಅದರ ಕವಚಕ್ಕೆ ಪೆಟ್ಟು ಬಿದ್ದಿದೆಯೇ, ಮೇಲೆ ಬರುವಾಗ ಸಿಕ್ಕಿಕೊಳ್ಳುತ್ತದೆಯೇ ನೋಡಿ. ರೋಟರಿ ಆದರೆ ಸನ್ನೆಗಳು ಟಕಟಕ ಅನ್ನುತ್ತವೆಯೇ ಕೇಳಿ, ಮುಚ್ಚಳ ತೆಗೆದು ಒಳಗಿನ ಗೆರೆಗಳು ಎರಡು ಕೊನೆಯಲ್ಲೂ ಸರಿಯಾಗಿ ಕೂಡುತ್ತವೆಯೇ ನೋಡಿ. ಕೂಡದಿದ್ದರೆ ತುದಿಯ ಪುಟ್ಟ ಬಿರಟೆ ಸವೆದಿರುತ್ತದೆ, ಅದು ಅಗ್ಗದಲ್ಲೇ ಸರಿಹೋಗುತ್ತದೆ. ಪಿಸ್ಟನ್ನನ್ನು ಕೈಯಲ್ಲೇ ಬಿಚ್ಚಿ ಒರೆಸಿ ಎಣ್ಣೆ ಹಾಕಬಹುದು, ಹಾಕುತ್ತಲೂ ಇರಬೇಕು. ರೋಟರಿಗೆ ಅಷ್ಟು ಉಪಚಾರ ಬೇಡ, ಆದರೆ ಬಿಚ್ಚುವ ದಿನ ಬಂದಾಗ ಬಲ್ಲವರ ಕೈಯೇ ಬೇಕು.

ಈ ಕೊನೆಯ ಮಾತೇ ನನ್ನನ್ನು ಹಿಡಿದು ನಿಲ್ಲಿಸಿತು. ಇಲ್ಲಿ ರೋಟರಿ ರಿಪೇರಿಗೆ ಸೈಕಲ್ಲಿನಲ್ಲಿ ಹೋಗಿ ಬರಬಹುದು. ಆದರೆ ನಾನು ಇಲ್ಲೇ ಇರುವವನಲ್ಲ, ಇನ್ನೊಂದು ವರ್ಷಕ್ಕೆ ಬೆಂಗಳೂರಿಗೆ ವಾಪಸ್. ಅಲ್ಲಿ? ಬ್ರಿಟಿಷ್ ಪಲ್ಟನ್ನುಗಳ ಜೊತೆ ಬಂದದ್ದು ಪಿಸ್ಟನ್. ನಮ್ಮ ಪೊಲೀಸ್ ಬ್ಯಾಂಡುಗಳಿಂದ ಮದುವೆ ಬ್ಯಾಂಡಿನವರೆಗೆ ಕೈ ಪಳಗಿರುವುದು ಅದಕ್ಕೇ. ಬ್ಯಾಂಡ್ ವಾದ್ಯಗಳಿಗೆ ಹೆಸರಾದ ಮೀರತ್‌ನ ಜಾಲಿ ಕೋಠಿಯಲ್ಲಿ ಮಾಡುವ ಯುಫೋನಿಯಂಗಳಲ್ಲೂ ಪಿಸ್ಟನ್ನೇ. ಸ್ಯಾಕ್ಸ್ 1845ರಲ್ಲಿ ಪ್ಯಾರಿಸ್ಸಿನಲ್ಲಿ ಗೆದ್ದ ಪಂದ್ಯ ಸುತ್ತಿ ಸುತ್ತಿ ನನ್ನ ಜೇಬಿನವರೆಗೂ ಬಂದಿತ್ತು!

ಹಾಗಾಗಿ ಇಂಗ್ಲೆಂಡಿನ ನಾಲ್ಕು ಪಿಸ್ಟನ್ನಿನ, ಬ್ಲೇಕ್ಲಿಯ ಚಕ್ರಬಡ್ಡಿಯ ಟ್ಯೂಬಾವನ್ನೇ ತಗೊಂಡೆ. ಅದರ ಶ್ರುತಿ ಬೇರೆ, ಎರಡು ವರ್ಷ ಕಲಿತ ಬೆರಳುಗಳನ್ನು ಮೊದಲಿನಿಂದ ಕಲಿಸಬೇಕು. ಮೊದಲ ವಾರ ನಾನು ಊದಿದ್ದನ್ನು ಕೇಳಿದವರಿಗೆ ಪುಣ್ಯ ಬರಲಿ.

ಪಕ್ಕದ ಹಿರಿಯರು ಅದನ್ನು ನೋಡಿ ಏನೂ ಅನ್ನಲಿಲ್ಲ, ಹುಬ್ಬು ಮಾತ್ರ ಏರಿಸಿದರು. ನಾನು ಧೈರ್ಯ ಮಾಡಿ, "ಜರ್ಮನಿಯ ಮೊದಲ ಟ್ಯೂಬಾದಲ್ಲಿ ಇದ್ದದ್ದೂ ಪಿಸ್ಟನ್ನೇ, 1835ರಲ್ಲಿ, ಬರ್ಲಿನ್ನಿನಲ್ಲಿ" ಅಂತ ನನ್ನ ಪಾಂಡಿತ್ಯ ತೆರೆದಿಟ್ಟೆ.

ಅವರು ತಮ್ಮ ರೋಟರಿಯ ನೀರು ಚೆಲ್ಲುತ್ತಾ ಹೇಳಿದರು: "ಅದು ಬರ್ಲಿನ್. ನಾವು ಬವೇರಿಯಾದವರು."